ಕಡ ತಂದ ಬ್ರೇಕು

ಹೊಸಪೇಟೆ

ಶ್ರೀಲಂಕಾಕ್ಕೆ ಹೋಗಿಬಂದವನು ಎಂದರೆ ಜನ ಮೊದಲು ಕೇಳುವುದು ಅಶೋಕವನ ನೋಡಿದಿರಾ, ಸಮುದ್ರದ ಸ್ನಾನ ಮಾಡಿದಿರಾ, ಚಿನ್ನ ಅಲ್ಲಿ ಅಗ್ಗವೇ ಎಂದು. ಮೂರಕ್ಕೂ ನನ್ನಲ್ಲಿ ಉತ್ತರವಿಲ್ಲ. ನಾನು ಅಲ್ಲಿ ಕಣ್ಣಿಟ್ಟು ನೋಡಿದ್ದು ಒಂದು ಹಳೆಯ ಲಾರಿಯ ಮುಂದಿನ ಎರಡು ಚಕ್ರಗಳನ್ನು ಮಾತ್ರ. ಅವುಗಳೊಳಗಿದ್ದುದನ್ನು ಬಿಚ್ಚಿಕೊಂಡು ಊರಿಗೆ ತಂದೆ. ಹೇಗೆ ತಂದೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ನನ್ನದು ಹೊಸಪೇಟೆ ಬೈಪಾಸಿನಲ್ಲಿ ಬ್ರೇಕ್ ಲೈನರ್ ಅಂಗಡಿ. ಮೂಲ ಊರು ಕಂಪ್ಲಿ. ಅಪ್ಪ ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಲಾರಿ ಓಡಿಸುತ್ತಿದ್ದರು. ನಾನು ಈ ಪ್ರಯಾಣ ಹೊರಡುವುದಕ್ಕೆ ಹನ್ನೆರಡು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ಓದುಗರು ಈ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಅದು ಅದಿರಿನ ಕಾಲ. ಸಂಡೂರಿನ ಗುಡ್ಡಗಳಿಂದ ಟಿಪ್ಪರುಗಳು ಹಗಲೂ ಇರುಳೂ ಇಳಿಯುತ್ತಿದ್ದವು. ರಸ್ತೆ ಬದಿಯ ಬೇವಿನ ಮರಗಳು ಕೆಂಪಗಾಗಿದ್ದವು, ನಮ್ಮ ಮನೆಯ ಮೊಸರಿನ ಮೇಲೂ ಕೆಂಪು ಪದರ ಕೂರುತ್ತಿತ್ತು. ಅಷ್ಟು ಭಾರ ಹೊತ್ತು ಇಳಿಜಾರು ಇಳಿಯುವ ಗಾಡಿಯ ಬ್ರೇಕು ಎಷ್ಟು ದಿನ ತಡೆದೀತು? ನನಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ನಾಮಕ್ಕಲ್, ಸೇಲಂ ಕಡೆಯ ಲಾರಿಗಳೂ ಬಾಡಿಗೆಗೆ ಬರುತ್ತಿದ್ದವು. ಆ ಡ್ರೈವರುಗಳ ಜೊತೆ ಜಗಳವಾಡುತ್ತಲೇ ನಾನು ತಮಿಳು ಕಲಿತೆ.

ನನ್ನ ಅಂಗಡಿಯ ಅರ್ಧ ಕೆಲಸ ಸಂಡೂರಿನ ಒಬ್ಬ ಗಣಿ ಸಾಹುಕಾರರದು. ಅವರ ತಂದೆ ಮೊದಲು ಕೊಂಡಿದ್ದ ಲಾರಿ, ಇಂಗ್ಲೆಂಡಿನಲ್ಲಿ ತಯಾರಾದ ಉದ್ದ ಮೂತಿಯದು, ದರೋಜಿ ಕಡೆಯ ಹೊಲದಲ್ಲಿ ಜಾಲಿಗಂಟಿಯ ನಡುವೆ ಎಷ್ಟೋ ವರ್ಷಗಳಿಂದ ನಿಂತಿತ್ತು. ಸಾಹುಕಾರರಿಗೆ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಬಂತು. ಆಯುಧ ಪೂಜೆಯ ದಿನ ಅದನ್ನು ತಾವೇ ಓಡಿಸಿಕೊಂಡು ಹೊಸ ಮನೆಯ ಅಂಗಳಕ್ಕೆ ತರಬೇಕು ಎಂದರು. ಎಂಜಿನ್ ಕೆಲಸ ಬೇರೆಯವರು ಮುಗಿಸಿದರು. ಬ್ರೇಕು ನನ್ನ ಪಾಲಿಗೆ ಬಂತು.

ಚಕ್ರ ಬಿಚ್ಚಿ ನೋಡಿದರೆ ಮುಂದಿನ ಎರಡೂ ವೀಲ್ ಸಿಲಿಂಡರ್ ಇಲ್ಲ. ಪೆಡಲ್ ತುಳಿದಾಗ ಎಣ್ಣೆಯ ಒತ್ತಡಕ್ಕೆ ಬ್ರೇಕ್ ಶೂಗಳನ್ನು ಹೊರಗೆ ನೂಕುವ, ಅಂಗೈಯಷ್ಟು ಉದ್ದದ ಎರಕದ ಸಾಮಾನು ಅದು. ಅದಿಲ್ಲದೆ ಉಳಿದದ್ದೆಲ್ಲ ಇದ್ದೂ ದಂಡ. ಯಾರು ಯಾವ ಕಾಲದಲ್ಲಿ ಕಳಚಿಕೊಂಡು ಹೋಗಿದ್ದರೋ. ನಾನು ಲೇತ್ ಕೆಲಸದ ಖಾಜಾಸಾಬನ ಬಳಿ ಓಡಿದೆ. ಅವನ ಕೈಗೆ ಕಬ್ಬಿಣ ಕೊಟ್ಟರೆ ಅದು ಹೇಳಿದ ಮಾತು ಕೇಳುತ್ತದೆ.

“ಸ್ಯಾಂಪಲ್ ಒಂದು ತಂದು ಕೊಡ್ರಿ ವೀರೇಶಣ್ಣ, ಅದರ ಅವಳಿ-ಜವಳಿ ಮಗಾನ್ನ ಮಾಡಿ ಕೊಡ್ತೀನಿ,” ಎಂದ. “ಸ್ಯಾಂಪಲ್ ಇಲ್ದ ಏನ್ ಮಾಡ್ಲಿ? ಕನಸಿನ್ಯಾಗ ಅಳತಿ ಹಿಡೀಲೇನು?”

ಬಳ್ಳಾರಿ, ಹುಬ್ಬಳ್ಳಿ, ಬೆಂಗಳೂರು, ಚೆನ್ನೈ ಎಲ್ಲ ಜಾಲಾಡಿದೆ. ಕೊನೆಗೆ ನಾಮಕ್ಕಲ್ಲಿನ ಡ್ರೈವರೊಬ್ಬ, ಸಿಲೋನಿನ ಚಹಾ ತೋಟಗಳಲ್ಲಿ ಇಂಥ ಲಾರಿಗಳು ಇನ್ನೂ ಲೋಡ್ ಹೊರುತ್ತಿವೆ ಎಂದ. ಸಾಹುಕಾರರಿಗೆ ಹೇಳಿದೆ. “ಹಂಗಾರ ಹೋಗಿ ಬಾ,” ಎಂದರು, ಕಂಪ್ಲಿಗೆ ಹೋಗಿ ಬಾ ಎಂಬಷ್ಟು ಸಲೀಸಾಗಿ.

ಚಹಾದಂಗಡಿಯಲ್ಲಿ ಸುದ್ದಿ ಹಬ್ಬಿತು. ನಮ್ಮ ಹಂಪಿಯ ಸುತ್ತಮುತ್ತಲನ್ನು ಕಿಷ್ಕಿಂಧೆ ಎನ್ನುತ್ತಾರಲ್ಲ. “ಹನುಮಪ್ಪ ಆದ ಮ್ಯಾಲೆ ನಮ್ಮ ಕಡಿಂದ ಲಂಕಾಕ್ಕ ಹೊಂಟೋನು ನೀನ ನೋಡಪಾ. ಬಾಲ ಜ್ವಾಪಾನ!” ಎಂದು ಕಿಚಾಯಿಸಿದರು. ನಾನೂ ನಕ್ಕೆ. ಪಾಸ್‌ಪೋರ್ಟಿನ ಫೋಟೋದಲ್ಲಿ ಕೂಡ ನಾನು ನಗುತ್ತಲೇ ಇದ್ದೇನೆ.

ಕೊಲಂಬೊ

ಕೊಲಂಬೊದಲ್ಲಿ ನನಗೆ ಮೊದಲ ಆಶ್ಚರ್ಯ ರಸ್ತೆ ದಾಟುವಾಗ ಆಯಿತು. ಬಿಳಿ ಪಟ್ಟೆಯ ಮೇಲೆ ಕಾಲಿಟ್ಟ ಕೂಡಲೇ ಬಸ್ಸು, ಕಾರು, ಆಟೋ ಎಲ್ಲ ನಿಂತವು. ನಾನು ಗಾಬರಿಯಾಗಿ ಹಿಂದಕ್ಕೆ ಸರಿದೆ. ಅವು ಮತ್ತೆ ಹೊರಟವು. ನಾನು ಮತ್ತೆ ಕಾಲಿಟ್ಟೆ, ಅವು ಮತ್ತೆ ನಿಂತವು. ಹೀಗೆ ಮೂರು ಸಲ ಆದ ಮೇಲೆ ಹೆಂಗಸೊಬ್ಬಳು ನನ್ನ ಮೊಣಕೈ ಹಿಡಿದು ದಾಟಿಸಿದಳು. ನಮ್ಮ ಬೈಪಾಸಿನಲ್ಲಿ ಟಿಪ್ಪರ್ ಬಂದರೆ ಜನ, ದನ, ಪೊಲೀಸು ಎಲ್ಲರೂ ಒಟ್ಟಿಗೆ ಚರಂಡಿಗೆ ಇಳಿಯುವುದು ರೂಢಿ. ಬ್ರೇಕನ್ನು ಹೀಗೆ ಮರ್ಯಾದೆಗೂ ಬಳಸಬಹುದು ಎಂದು ಬ್ರೇಕಿನ ಅಂಗಡಿ ಇಟ್ಟ ನನಗೇ ಗೊತ್ತಿರಲಿಲ್ಲ.

ಯುದ್ಧ ಸ್ವಲ್ಪ ಕಾಲ ನಿಂತಿದ್ದ ದಿನಗಳು ಅವು. ಆದರೂ ಮೂಲೆಮೂಲೆಗೂ ಮರಳಿನ ಚೀಲ, ಬಂದೂಕು ಹಿಡಿದ ಹುಡುಗರು. ಅವರ ಮುಂದೆ ಹಾಯುವಾಗ ಜನ ದನಿ ತಗ್ಗಿಸುತ್ತಿದ್ದರು, ಆಮೇಲೆ ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು.

ಪಂಚಿಕಾವತ್ತೆ ಎಂಬಲ್ಲಿ ಹಳೆ ವಾಹನ ಸಾಮಾನಿನ ಅಂಗಡಿಗಳು ಸಾಲಾಗಿವೆ. ಗ್ರೀಸಿನ ವಾಸನೆ ಮೂಗಿಗೆ ಬಿದ್ದ ಮೇಲೆ ನನಗೆ ಊರಿಗೆ ಬಂದಂತಾಯಿತು. ಬಾಯಿಯೂ ಊರಿನದೇ ಆಯಿತು. ಇಲ್ಲಿ ಒಂದು ಮಾತು ವಿವರಿಸಬೇಕು. ಹೊಸಪೇಟೆಯಲ್ಲಿ ಸಾಮಾನು ಕೇಳಲು ಹೋದವನು ಸುಮ್ಮನೆ ಸಾಮಾನು ಕೇಳುವುದಿಲ್ಲ. ಮೊದಲು ತನ್ನ ಗೋಳು ಹೇಳುತ್ತಾನೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಗಾಡಿ ಘಟ್ಟದಲ್ಲಿ ನಿಂತಿದೆ, ಮಾಲೀಕ ಕೊಲ್ಲುತ್ತಾನೆ. ಅಂಗಡಿಯವನು ತನ್ನ ಗೋಳು ಹೇಳುತ್ತಾನೆ. ಯಾರೂ ಯಾರನ್ನೂ ನಂಬುವುದಿಲ್ಲ. ಒಂದು ಚಹಾ ಕುಡಿದು ವ್ಯವಹಾರ ಮುಗಿಸುತ್ತಾರೆ. ಗೋಳು ಹೇಳದೆ ಸಾಮಾನು ಕೇಳಿದರೆ ಇವನಿಗೆ ಅಹಂಕಾರ ಎಂದುಕೊಳ್ಳುತ್ತಾರೆ. ಅದು ಸುಳ್ಳು ಎಂದು ನಮಗೆ ಯಾವತ್ತೂ ಅನ್ನಿಸಿಲ್ಲ.

ಅದೇ ಲೆಕ್ಕದಲ್ಲಿ ಅಲ್ಲಿಯ ತಮಿಳು ಅಂಗಡಿಯವರೊಬ್ಬರ ಮುಂದೆ ಶುರು ಮಾಡಿದೆ: ಲಾರಿ ನನ್ನ ಅಪ್ಪನದು, ಮೂವತ್ತು ವರ್ಷ ಅದರಲ್ಲೇ ದುಡಿದವರು, ಈಗ ಹಾಸಿಗೆ ಹಿಡಿದಿದ್ದಾರೆ, ಒಂದು ಸಲ ಅದರಲ್ಲಿ ಕುಳಿತು ಘಟ್ಟ ಇಳಿಯಬೇಕು ಎಂಬುದೊಂದೇ ಅವರ ಆಸೆ.

ಹೇಳಿ ಮುಗಿಸಿ, ಅವರು ತಮ್ಮ ಗೋಳು ತೆಗೆಯಲಿ ಎಂದು ಕಾದೆ. ಅವರು ತೆಗೆಯಲಿಲ್ಲ. ಸ್ಟೂಲು ಎಳೆದು ನನ್ನನ್ನು ಕೂರಿಸಿದರು. ಹಾಲಿಲ್ಲದ ಚಹಾ ತರಿಸಿದರು, ಜೊತೆಗೆ ಕಚ್ಚಿಕೊಂಡು ಕುಡಿಯಲು ಒಂದು ಚೂರು ಬೆಲ್ಲ. “ನಮ್ಮಲ್ಲಿ ಇಲ್ಲ. ಆದರೆ ಇರುವವರು ಒಬ್ಬರು ಗೊತ್ತು,” ಎಂದು ಕ್ಯಾಲೆಂಡರಿನ ಹಾಳೆ ಹರಿದು ವಿಳಾಸ ಬರೆದುಕೊಟ್ಟರು. ಗುಡ್ಡದ ಮೇಲಿನ ಹ್ಯಾಟನ್ ಹತ್ತಿರದ ಒಂದು ಚಹಾ ತೋಟದ ಊರು. ಹೆಸರು ರಾಸಯ್ಯ.

ಹ್ಯಾಟನ್ ದಾರಿ

ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇತ್ತು, ಜನ ಮಾತ್ರ ನಿಂತಿದ್ದರು. ಎಂಥ ದಡ್ಡರು ಎಂದುಕೊಂಡು ಕುಳಿತೆ. ಕಂಪ್ಲಿ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನು ನಾನು. ಅರ್ಧ ದಾರಿಯಲ್ಲಿ ಕಾವಿಯ ಭಿಕ್ಷುವೊಬ್ಬರು ಹತ್ತಿ ನನ್ನ ಪಕ್ಕ ಸುಮ್ಮನೆ ನಿಂತರು. ಇಡೀ ಬಸ್ಸು ನನ್ನನ್ನೇ ನೋಡಿತು. ಆ ಸೀಟು ಸನ್ಯಾಸಿಗಳಿಗೆ ಮೀಸಲು ಎಂದು ತಲೆಯ ಮೇಲೆಯೇ ಮೂರು ಭಾಷೆಯಲ್ಲಿ ಬರೆದಿತ್ತಂತೆ. ದಡಬಡಿಸಿ ಎದ್ದೆ. ಭಿಕ್ಷು ನಕ್ಕರು. ಯಾರೂ ಒಂದು ಮಾತು ಅನ್ನಲಿಲ್ಲ, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಗುಡ್ಡ ಹತ್ತುತ್ತಾ ಹೋದಂತೆ ಎಲ್ಲಿ ನೋಡಿದರೂ ಹಸಿರು. ನಮ್ಮ ಸಂಡೂರಿನ ಗುಡ್ಡಗಳೂ ಮಳೆಗಾಲದಲ್ಲಿ ಹಸಿರಾಗುತ್ತಿದ್ದವು ಎಂದು ನೆನಪಾಯಿತು. ಆಗುತ್ತಿದ್ದವು ಎಂದೇ ನೆನಪಾದದ್ದು. ಗುಡ್ಡವನ್ನು ಕಡಿಯದೆಯೂ ಅದರಿಂದ ಬದುಕಬಹುದು ಎಂದು ಚಹಾ ತೋಟದ ಹೆಂಗಸರು ಎಲೆ ಚಿವುಟುವುದನ್ನು ನೋಡುವಾಗ ಅನ್ನಿಸಿತು. ಅವರ ಬದುಕೂ ಸುಖದ್ದೇನಲ್ಲ ಎಂಬುದು ಅವರು ವಾಸಿಸುವ ಇಕ್ಕಟ್ಟಿನ ಸಾಲುಮನೆಗಳನ್ನು ನೋಡಿದರೆ ತಿಳಿಯುತ್ತಿತ್ತು.

ರಾಸಯ್ಯನವರ ಮನೆ

ರಾಸಯ್ಯನವರಿಗೆ ಅರವತ್ತರ ಹತ್ತಿರ. ಸಣ್ಣ ಆಳು, ದಪ್ಪ ಕನ್ನಡಕ. ಅಂಗಳದಲ್ಲಿ ಲಾರಿ ನಿಂತಿತ್ತು. ನೋಡಿದ ಕೂಡಲೇ ಓಡಿ ಅದರ ಮುಂದೆ ನಿಂತೆ. ಅದೇ ಮೂತಿ, ಅದೇ ಎರಡು ದೀಪ. ನಮ್ಮದು ತುಕ್ಕಿನ ಮುದ್ದೆ, ಇದು ಮಾತ್ರ ಆ ಬೆಳಗ್ಗೆಯಷ್ಟೇ ಎಲೆ ಮೂಟೆ ಇಳಿಸಿ ಬಂದಿತ್ತು. ಅವರ ತಂದೆ ಓಡಿಸುತ್ತಿದ್ದ ಲಾರಿ. ಅವರಿಗೆ ಇದ್ದದ್ದೂ ಅದೊಂದೇ.

ಊಟಕ್ಕೆ ಕೂರಿಸಿದರು. ಅನ್ನ, ಸಂಬಲ್ ಎಂಬ ತೆಂಗಿನಕಾಯಿ ಚಟ್ನಿ, ಬೇಳೆ. ನಮ್ಮ ಕಡೆಯ ವಗ್ಗರಣಿ ಮಂಡಕ್ಕಿ, ಮಿರ್ಚಿ ಬಜ್ಜಿ ಇಲ್ಲದೆ ನಾಲ್ಕು ದಿನದಿಂದ ಸತ್ತುಹೋಗಿದ್ದ ನನ್ನ ನಾಲಿಗೆಗೆ ಆ ಸಂಬಲ್ಲಿನ ಖಾರದಿಂದ ಜೀವ ಬಂತು. ಜೀವ ಬಂದ ನಾಲಿಗೆ ಸುಮ್ಮನಿರಬೇಕಲ್ಲ! ಅಪ್ಪನ ಕತೆಯನ್ನು ಎರಡನೆಯ ಸಲ ಹೇಳಿದೆ. ಈ ಸಲ ಇನ್ನೂ ಚೆನ್ನಾಗಿ ಬಂತು. ಅಪ್ಪ ನಿದ್ದೆಯಲ್ಲೂ ಗೇರ್ ಬದಲಿಸುತ್ತಾರೆ ಎಂದೆ.

ರಾಸಯ್ಯನವರು ತುತ್ತು ಕೆಳಗಿಟ್ಟರು. ನಮ್ಮ ಮಾತೆಲ್ಲ ತಮಿಳಿನಲ್ಲೇ ನಡೆಯುತ್ತಿತ್ತು.

“ನನ್ನ ಅಪ್ಪನಿಗೂ ಕೊನೆಗೆ ಕಾಲು ಸೋತುಹೋಗಿತ್ತು, ತಂಬಿ,” ಎಂದರು. ತಂಬಿ ಎಂದರೆ ತಮ್ಮ. “ಒಂದು ದಿನ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದು ಲಾರಿಯ ಬಾಗಿಲು ಸವರಿ ಒಳಗೆ ಹೋದರು. ಎತ್ತಿ ಕೂರಿಸಬಹುದಿತ್ತು. ನನಗೆ ಆಗ ಹೊಳೆಯಲಿಲ್ಲ.”

ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಲ್ಲಿ ನಾನು ನಿಜ ಹೇಳಬಹುದಿತ್ತು. ಇದು ನಮ್ಮ ಕಡೆಯ ವ್ಯಾಪಾರದ ಮಾತು ಅಣ್ಣಾ, ಅಪ್ಪ ಹೋಗಿ ಹನ್ನೆರಡು ವರ್ಷವಾಯಿತು, ಲಾರಿ ಒಬ್ಬ ಸಾಹುಕಾರರದು ಎನ್ನಬಹುದಿತ್ತು. ಮಾತು ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಅವರು ಕೈ ತೊಳೆದು ಎದ್ದು ಜಾಕ್ ತರಲು ಹೋಗಿದ್ದರು.

“ಇದು ಮಳೆ ತಿಂಗಳು, ಲೋಡ್ ಕಡಿಮೆ. ಒಂದು ತಿಂಗಳು ನಿಂತರೆ ಲಾರಿಗೂ ವಿಶ್ರಾಂತಿ,” ಎಂದರು. “ಬಿಚ್ಚಿಕೊಂಡು ಹೋಗಿ. ಅಳತೆ ನೋಡಿ ನಿಮ್ಮಲ್ಲಿ ಹೊಸದು ಮಾಡಿಸಿಕೊಳ್ಳಿ. ನನ್ನದು ನನಗೆ ಕಳಿಸಿಬಿಡಿ.”

“ಒಂದೇ ತಿಂಗಳು ಅಣ್ಣಾ,” ಎಂದೆ. “ನಿಮ್ಮದರ ಜೊತೆಗೆ ನಿಮಗೂ ಒಂದು ಹೊಸ ಜೋಡಿ ಕಳಿಸುತ್ತೇನೆ.” ಇದನ್ನು ಮಾತ್ರ ಮನಃಪೂರ್ವಕವಾಗಿ ಹೇಳಿದ್ದೆ.

ಬ್ರೇಕು ಬಿಚ್ಚಿದ ಮೇಲೆ ಲಾರಿ ಜಾರದಂತೆ ಚಕ್ರಗಳಿಗೆ ಕಲ್ಲು ಕೊಡಬೇಕಿತ್ತು. ನಮ್ಮ ಹಂಪಿಯಲ್ಲಿ ಕಲ್ಲಿಗೆ ಬರವೇ? ಅಲ್ಲಿ ಚಹಾ ಗಿಡಗಳ ನಡುವೆ ನಾಲ್ಕು ಒಳ್ಳೆಯ ಕಲ್ಲು ಹುಡುಕಲು ಅರ್ಧ ತಾಸು ಹಿಡಿಯಿತು. ಒಂದೊಂದನ್ನೂ ರಾಸಯ್ಯನವರೇ ಹೊತ್ತು ತಂದು ಇಟ್ಟರು. ಹೊರಡುವಾಗ ಅವರ ಹೆಂಡತಿ ಒಂದು ಚಹಾಪುಡಿಯ ಪೊಟ್ಟಣ ಕೈಗಿತ್ತು, “ಅಪ್ಪನಿಗೆ,” ಎಂದರು.

ವಿಮಾನ ನಿಲ್ದಾಣ

ಚೀಲದಲ್ಲಿ ಬಟ್ಟೆ ಸುತ್ತಿದ ಎರಡು ಕಬ್ಬಿಣದ ಕೊಳವೆಗಳನ್ನು ಕಂಡು ತಪಾಸಣೆಯವರು ಬೆಚ್ಚಿದರು. ಬಾಂಬುಗಳನ್ನು ಕಂಡ ದೇಶ ಅದು, ಅವರ ತಪ್ಪೇನು? ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ನಾನು ಎಡಗಾಲಿನಿಂದ ತುಳಿದು ತುಳಿದು ತೋರಿಸಿದೆ. ಎಡಗಾಲಿನಿಂದ ಬ್ರೇಕ್ ಯಾರು ತುಳಿಯುತ್ತಾರೆ, ಅದು ಕ್ಲಚ್ಚಿನ ಕಾಲು ಎಂದು ನೆನಪಾಗಿ ಬಲಗಾಲಿನಿಂದ ತೋರಿಸಿದೆ. ಒಬ್ಬ ವಯಸ್ಸಾದ ಅಧಿಕಾರಿ ಬಂದು ಕೊಳವೆಯನ್ನು ಮೂಸಿ, ಬ್ರೇಕ್ ಆಯಿಲ್ ಎಂದು ನಕ್ಕರು. ಯಾರ ಗಾಡಿಗೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪನ ಕತೆಯನ್ನು ಮೂರನೆಯ ಸಲ ಹೇಳಿದೆ. ಅವರು ಮತ್ತೆ ತಾವೇ ಬಟ್ಟೆ ಸುತ್ತಿ, ಎರಡೂ ಕೈಯಿಂದ ಹಿಂದಿರುಗಿಸಿದರು. ವಿಮಾನದಲ್ಲಿ ಕುಳಿತ ಮೇಲೆ ಮೊದಲ ಬಾರಿಗೆ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಊರು ಮುಟ್ಟುವಷ್ಟರಲ್ಲಿ ಅದೂ ಕಡಿಮೆಯಾಯಿತು.

ಮತ್ತೆ ಹೊಸಪೇಟೆ

ನಾನು ಬಂದಿಳಿದದ್ದು ಆಯುಧ ಪೂಜೆಯ ಹಿಂದಿನ ದಿನ ಬೆಳಗ್ಗೆ. ಸಾಹುಕಾರರ ಮ್ಯಾನೇಜರು ಅಂಗಡಿಯ ಮುಂದೆಯೇ ಕಾಯುತ್ತಿದ್ದ. ಸಂಜೆಯೊಳಗೆ ಬ್ರೇಕು ಮುಗಿಯಬೇಕು ಎಂದು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ. ಖಾಜಾಸಾಬ್ ಬಂದು ಸಿಲಿಂಡರನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

“ಏನ್ ಎರಕ ಅಣ್ಣಾ ಇದು! ಮಸ್ತ್ ಐತಿ. ಒಂದು ತಾಸು ನನ್ನ ಹತ್ರ ಬಿಡ್ರಿ, ಅಳತಿ ತಗಂಡು ಕಾಗದದ ಮ್ಯಾಲೆ ಬರಕಂತೀನಿ.”

“ಈಗ ಬ್ಯಾಡ ಖಾಜಾ. ಪೂಜಿ ಆಗ್ಲಿ. ನಾಕು ದಿನ ಬಿಟ್ಟು ಬಿಚ್ಚಿ ನಿನ್ನ ಕೈಗ ಕೊಡ್ತೀನಿ, ಆರಾಮಾಗಿ ಮಾಡುವಂತಿ.”

“ಒಂದ ತಾಸು ಕೇಳಾಕತ್ತೀನಿ, ವೀರೇಶಣ್ಣ.”

“ಆ ಮನಷಾ ನಿಂತಾನ ನೋಡು ಅಲ್ಲಿ. ಬಿಡು ಅಂದ್ನೆಲ್ಲ!”

ಖಾಜಾಸಾಬ್ ಸಿಲಿಂಡರನ್ನು ಬೆಂಚಿನ ಮೇಲಿಟ್ಟು ಹೋದ. ಆ ಒಂದು ತಾಸು ಈಗಲೂ ನನ್ನನ್ನು ಬಿಟ್ಟಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು, ಒಂದು ಅಳತೆ ಕಡ್ಡಿ. ಅಷ್ಟಿದ್ದರೆ ಸಾಕಿತ್ತು.

ಮರುದಿನ ಸಾಹುಕಾರರು ಜರಿಯ ರುಮಾಲು ಸುತ್ತಿಕೊಂಡು ತಾವೇ ಲಾರಿ ಓಡಿಸಿದರು. ನಾನು ಪಕ್ಕದಲ್ಲಿ ಕುಳಿತಿದ್ದೆ. ಘಟ್ಟದ ತಿರುವಿನಲ್ಲಿ ಬ್ರೇಕು ಎಷ್ಟು ನಯವಾಗಿ ಹಿಡಿಯಿತೆಂದರೆ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ನಿಂಬೆಹಣ್ಣು ಕೂಡ ಉರುಳಲಿಲ್ಲ. “ಭೇಷ್!” ಎಂದು ಅವರು ನನ್ನ ತೊಡೆ ತಟ್ಟಿದರು. ನನಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಡುವುದಿಲ್ಲ, ನಿಜವಾಗಿಯೂ ಬಹಳ ಹೆಮ್ಮೆಯಾಯಿತು.

ಸಂಡೂರು

ನಾಲ್ಕು ದಿನ ಎಂದವನು ಅಂಗಡಿಯ ಕೆಲಸದಲ್ಲಿ ಮುಳುಗಿ ಹದಿನಾಲ್ಕು ದಿನ ಬಿಟ್ಟು ಜಾಕು, ಪಾನಾ ಹಿಡಿದುಕೊಂಡು ಸಂಡೂರಿಗೆ ಹೋದೆ. ಸಾಹುಕಾರರ ಹೊಸ ಮನೆಯ ಗೇಟಿನ ಒಳಗೆ ಬಲಗಡೆ ಗ್ರಾನೈಟಿನ ಕಟ್ಟೆ ಎದ್ದಿತ್ತು. ಅದರ ಮೇಲೆ ಲಾರಿ. ಹೊಸ ಬಣ್ಣ, ಮೂತಿಗೆ ಹಾರ, ಸುತ್ತ ಬಣ್ಣದ ದೀಪ. ನಾಲ್ಕೂ ಚಕ್ರಗಳು ಅರ್ಧದವರೆಗೆ ಸಿಮೆಂಟಿನಲ್ಲಿ ಹೂತಿದ್ದವು.

“ಹೆಂಗೈತಲೇ ವೀರೇಶಾ?” ಎಂದು ಸಾಹುಕಾರರು ಹಿಂದಿನಿಂದ ಬಂದರು. “ನಮ್ಮಪ್ಪನ ಲಾರಿ. ಇನ್ನ ಯಾರೂ ಅಲುಗ್ಯಾಡ್ಸಂಗಿಲ್ಲ ನೋಡು.”

ಬಗ್ಗಿ ಸಿಮೆಂಟನ್ನು ಉಗುರಿನಿಂದ ಕೆರೆದು ನೋಡಿದೆ. ಗಟ್ಟಿಯಾಗಿತ್ತು. ಒಡೆಯದೆ ಚಕ್ರ ಬರುವುದಿಲ್ಲ, ಚಕ್ರ ಬರದೆ ಡ್ರಮ್ ಬರುವುದಿಲ್ಲ, ಡ್ರಮ್ ಬರದೆ ಒಳಗಿನದು ಕೈಗೆ ಸಿಗುವುದಿಲ್ಲ. ಸಿಲಿಂಡರು ಲಂಕೆಯ ಒಬ್ಬರಿಂದ ಕಡ ತಂದದ್ದು ಎಂದು ಸಾಹುಕಾರರಿಗೆ ಹೇಳಿದೆ. ಅದೂ ನಗುನಗುತ್ತಾ, ಅವರ ಮನಸ್ಸಿಗೆ ಬೇಜಾರಾಗದ ಹಾಗೆ.

“ಅದಕ್ಕ ಕಟ್ಟಿ ಒಡಸೂದ್ಯಾಕ? ಆ ಮನಷಗ ಒಂದು ಹೊಸಾ ಲಾರೀನ ಕೊಡ್ಸಿದ್ರಾತು. ನೆನಪು ಮಾಡು ನನಗ,” ಎಂದರು.

ಎರಡು ಸಲ ನೆನಪು ಮಾಡಿದೆ. ಎರಡನೆಯ ಸಲ ಅವರಿಗೆ ಯಾವ ಮನುಷ್ಯ ಎಂದೇ ನೆನಪಿರಲಿಲ್ಲ. ಮೂರನೆಯ ಸಲ ಕೇಳುವ ಧೈರ್ಯ ನನಗೆ ಆಗಲಿಲ್ಲ, ಅವರ ಟಿಪ್ಪರುಗಳು ಬೇರೆ ಅಂಗಡಿಗೆ ಹೋದಾವು ಎಂಬ ಅಂಜಿಕೆ. ಖಾಜಾಸಾಬನ ಬಳಿ ಹೋಗಿ, ಕೈಯಲ್ಲಿ ಹಿಡಿದು ನೋಡಿದ್ದೆಯಲ್ಲ, ನೆನಪಿನಿಂದ ಮಾಡಲು ಬರುತ್ತದೆಯೇ ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

“ಬ್ರೇಕ್ ಅಣ್ಣಾ ಅದು. ಕೂದಲೆಳಿ ಹೆಚ್ಚುಕಮ್ಮಿ ಆದ್ರ ಆ ಪುಣ್ಯಾತ್ಮ ಗುಡ್ಡದಿಂದ ಕೆಳಗ ಹೋಗ್ತಾನ. ನಾ ಒಲ್ಲೆ.”

ಅಂಗಡಿಯ ಫೋನು

ತಿಂಗಳು ತುಂಬಿದ ಮೇಲೆ ರಾಸಯ್ಯನವರು ಫೋನ್ ಮಾಡಿದರು. ಸಿಲಿಂಡರಿನ ಮಾತೇ ಎತ್ತಲಿಲ್ಲ. “ಅಪ್ಪ ಕುಳಿತರೇ?” ಎಂದು ಕೇಳಿದರು.

“ಕುಳಿತರು ಅಣ್ಣಾ.”

“ಘಟ್ಟ ಇಳಿದರೇ?”

“ಇಳಿದರು. ನಾನು ಪಕ್ಕದಲ್ಲೇ ಇದ್ದೆ.”

ಅವರು ತಮ್ಮ ಹೆಂಡತಿಯನ್ನು ಕೂಗಿ ಆ ಸುದ್ದಿ ಹೇಳುವುದು ಫೋನಿನಲ್ಲಿ ಕೇಳಿಸಿತು. ಚಹಾ ಹಿಡಿಸಿತೇ ಎಂದು ಆಕೆಯೂ ಬಂದು ಕೇಳಿದರು. ಆ ಚಹಾವನ್ನು ನಾನೇ ಕುಡಿದು ಮುಗಿಸಿದ್ದೆ. ಅಪ್ಪನಿಗೆ ಬಹಳ ಹಿಡಿಸಿತು ಎಂದೆ.

ಇನ್ನೊಂದು ತಿಂಗಳ ನಂತರ ಮತ್ತೆ ಫೋನು. ಮಳೆ ನಿಂತಿದೆ ತಂಬಿ, ತೋಟದವರು ಕೇಳುತ್ತಿದ್ದಾರೆ ಎಂದು ಸಂಕೋಚದಿಂದ ಹೇಳಿದರು. ಲೇತಿನವನು ಊರಲ್ಲಿಲ್ಲ ಎಂದೆ. ಆಮೇಲೆ ಫೋನ್ ಬಡಿದಾಗಲೆಲ್ಲ ಅದು ತಾನಾಗಿ ನಿಲ್ಲಲಿ ಎಂದು ಕಾದು ಕಾದು ಎತ್ತುತ್ತಿದ್ದೆ. ಅವರ ಲಾರಿ ಆ ನಾಲ್ಕು ಕಲ್ಲುಗಳಿಗೆ ಒರಗಿ ನಿಂತಿದೆ, ಅದನ್ನು ನಿಲ್ಲಿಸಿದವನು ನಾನು. ಸಿಮೆಂಟಿನ ಸಂಗತಿ ಹೇಳಬೇಕೆಂದರೆ ಲಾರಿ ಯಾರದು ಎಂದು ಹೇಳಬೇಕು, ಅದು ಹೇಳಿದರೆ ಅಪ್ಪನ ಸಂಗತಿ ಹೇಳಬೇಕು.

ಮೂರನೆಯ ಸಲ ಅವರು ಮಾತು ಶುರು ಮಾಡುವ ಮೊದಲೇ ನಾನು ಶುರು ಮಾಡಿದೆ.

“ಅಣ್ಣಾ, ಅಪ್ಪ ಹೋಗಿಬಿಟ್ಟರು.”

ಕೇಳಬೇಕಾದ್ದನ್ನು ಅವರು ಕೇಳದೆ ಇರಲಿ ಎಂದು ಹೇಳಿದ ಮಾತು ಅದು. ಸತ್ತ ಅಪ್ಪನನ್ನು ಅದಕ್ಕಾಗಿ ಇನ್ನೊಮ್ಮೆ ಸಾಯಿಸಿದೆ. ರಾಸಯ್ಯನವರು ಹೆಂಡತಿಯನ್ನು ಕೂಗಿ ಈ ಸುದ್ದಿಯನ್ನೂ ಹೇಳಿ ಮತ್ತೆ ಫೋನಿಗೆ ಬಂದರು.

“ಹಾಗಾದರೆ ಅದನ್ನು ಬಿಚ್ಚಬೇಡಿ ತಂಬಿ. ಅಪ್ಪ ಕೊನೆಯ ಸಲ ನಂಬಿದ ಬ್ರೇಕು ಅದು. ಅವರ ಲಾರಿಯಲ್ಲೇ ಇರಲಿ. ನಾನು ಇಲ್ಲಿ ಬೇರೆಯವರ ಗಾಡಿ ಓಡಿಸಿಕೊಂಡು ಹೇಗೋ ಇರುತ್ತೇನೆ. ನೀವು ಇನ್ನು ಅದರ ಚಿಂತೆ ಬಿಡಿ.”

ಇಲ್ಲ ಅಣ್ಣಾ ಎನ್ನಲು ಬಾಯಿ ತೆರೆದೆ. ಅಂಗಡಿಯ ಮುಂದೆ ಸಾಹುಕಾರರ ಟಿಪ್ಪರೊಂದು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಆಗಲಿ ಎಂದು ಫೋನ್ ಇಟ್ಟೆ.